ಅಣ್ಣನ ಪಾಲಿಗೆ ಬಂದ ಸೇನಾಪತಿ

ಅಣ್ಣನ ಹೆಸರನ್ನು ಎಲ್ಲೂ ಬರೆಯುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ಬರೆಯದಿದ್ದರೆ ನಷ್ಟವೇನೂ ಇಲ್ಲ. ಮೊದಲಿಗೆ ಅದು ಅವನದಲ್ಲ, ರಷ್ಯಾದ ಕ್ರಾಂತಿಯ ಕಾಲದ ಒಬ್ಬ ಸೇನಾಪತಿಯದು. ಆ ಸೇನಾಪತಿಗೂ ಅದು ಕರೆಯುವ ಹೆಸರಲ್ಲ, ಮನೆತನದ ಹೆಸರು. ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯ ಹಿಂದಿನ ಬಾಡಿಗೆ ಮನೆಯಲ್ಲಿ ಹುಟ್ಟಿದ ಗಂಡುಮಗುವಿಗೆ ಅದನ್ನು ಇಟ್ಟರು. ಎರಡು ವರ್ಷದ ಮೇಲೆ ಅದೇ ಮನೆಯಲ್ಲಿ ಹುಟ್ಟಿದ ನನಗೆ ಅಪ್ಪನ ತಾಯಿಯ ಹೆಸರು ಬಂತು. ನಮ್ಮ ಕೇರಿಯಲ್ಲಿ ಆ ಹೆಸರು ಹಿಡಿದು ಕೂಗಿದರೆ ನಾಲ್ಕು ಮನೆಗಳಿಂದ ಓಗೊಡುತ್ತಿದ್ದರು.

ಇಷ್ಟೇ ನನ್ನ ದೂರು. ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಒಂದು ಮಗುವಿನ ತಾಯಿ, ಇನ್ನೊಂದಕ್ಕೆ ಹಾಲೂಡಿಸುತ್ತಿರುವವಳು, ದೋಹಾದ ಫ್ಲ್ಯಾಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದಾಳೆಂದರೆ ದೂರು ಅಷ್ಟು ಚಿಕ್ಕದಲ್ಲವೆಂದು ತಿಳಿಯಬೇಕು.

ನನಗೆ ನೆನಪಿರುವುದು ಹೀಗೆ. ಜಗಲಿಯ ಮೇಲೆ ಅಪ್ಪ ಕೂತಿದ್ದಾನೆ. ಒಡೆದ ಹೆಂಚಿನ ಚೂರುಗಳನ್ನು ಎರಡು ಸಾಲಾಗಿ ಜೋಡಿಸಿದ್ದಾನೆ. ಒಂದು ಸಾಲು ಕೆಂಪು ಸೈನ್ಯ, ಇನ್ನೊಂದು ಬಿಳಿ ಸೈನ್ಯ. ಹೆಂಚೆಲ್ಲ ಕೆಂಪೇ ಆದ್ದರಿಂದ ಬಿಳಿ ಸೈನ್ಯಕ್ಕೆ ಸುಣ್ಣ ಬಳಿದಿದ್ದಾನೆ. ಸೇನಾಪತಿ ನದಿ ದಾಟುತ್ತಾನೆ. ನದಿಯೆಂದರೆ ಅಮ್ಮ ಬೀಡಿ ಕಟ್ಟುತ್ತ ಚಾಚಿದ ಕಾಲು. ದೂರದ ಮಧ್ಯ ಏಷ್ಯಾದ ಒಂದು ಸಣ್ಣ ಊರಿನಲ್ಲಿ ಕಂಪೌಂಡರನ ಮಗನಾಗಿ ಹುಟ್ಟಿದವನು, ಕಾಲೇಜಿನಲ್ಲಿ ಯುದ್ಧ ಕಲಿಯದೆ ಸೈನ್ಯ ನಡೆಸಿದವನು, ಕೊನೆಗೆ ಇಡೀ ಸೈನ್ಯಕ್ಕೆ ಮುಖ್ಯಸ್ಥನಾದವನು, ಬೇಡವೆಂದರೂ ಹೊಟ್ಟೆಯ ಆಪರೇಷನ್ ಮಾಡಿಸಿ ನಲವತ್ತಕ್ಕೇ ಸತ್ತವನು. ಕಥೆ ಮುಗಿದ ಮೇಲೆ ಅಪ್ಪ ಅಣ್ಣನ ತಲೆ ಸವರುತ್ತಾನೆ. ನನ್ನ ತಲೆಯನ್ನಲ್ಲ.

ಕಥೆ ಬಾಯಿಪಾಠ ಮಾಡಿಕೊಂಡವಳು ನಾನು. ಆಗ ವ್ಯಾನಿನಲ್ಲಿ ಬಂದು ಕಡಿಮೆ ಬೆಲೆಗೆ ಮಾರುತ್ತಿದ್ದ ರಷ್ಯಾದ ಕನ್ನಡ ಪುಸ್ತಕಗಳು ಮನೆಯಲ್ಲಿ ಉಳಿದಿದ್ದವು. ಅದರಲ್ಲಿ ಅವನ ಮೀಸೆಯ ಚಿತ್ರ ಹುಡುಕಿ ತೆಗೆದವಳೂ ನಾನು. ಶಾಲೆಯಲ್ಲಿ ಮಾಸ್ತರರು “ಇದೆಂತಹ ಹೆಸರು ನಿನ್ನದು?” ಎಂದು ಕೇಳಿದರೆ ಅಣ್ಣ “ತಂಗಿಗೆ ಗೊತ್ತುಂಟು ಸಾರ್” ಎನ್ನುತ್ತಿದ್ದ. ಹೆಸರು ಅವನಿಗೆ, ಉತ್ತರ ಹೇಳುವ ಕೆಲಸ ನನಗೆ.

ಅಣ್ಣ ನನಗಿಂತ ಮೊದಲು ಕತಾರಿಗೆ ಬಂದ. ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಹೆಲ್ಪರನಾಗಿ ಸೇರಿದವನು ಈಗ ಅಲ್ಲಿಯ ಸೂಪರ್‌ವೈಸರ್. ನಾನು ಮದುವೆಯಾಗಿ ಬಂದೆ. ಇಬ್ಬರೂ ಇರುವುದು ದೋಹಾದ ಬಿನ್ ಒಮ್ರಾನಿನಲ್ಲಿ, ಒಂದು ಗಲ್ಲಿಯ ಅಂತರದಲ್ಲಿ. ಅವನು ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಮೊದಲ ಅಕ್ಷರ ಮಾತ್ರ ಹಾಕಿಸಿದ್ದಾನೆ. ಕೇಳಿದರೆ, “ಅರಬಿಗಳಿಗೆ ನಾಲಿಗೆ ತಿರುಗುವುದಿಲ್ಲ ಮಾರಾಯ್ತಿ, ಬಿಲ್ಲು ಪಾಸಾಗಬೇಕಲ್ಲ” ಎನ್ನುತ್ತಾನೆ. ವರ್ಕ್‌ಶಾಪಿನ ಮಲಯಾಳಿ ಫಿಟ್ಟರುಗಳಿಗೆ ಮಾತ್ರ ಹೆಸರು ಪೂರ್ತಿ ಗೊತ್ತು; ಅವರು ನಗುತ್ತ ‘ಸಖಾವೇ’, ಅಂದರೆ ಕಾಮ್ರೇಡ್, ಅನ್ನುತ್ತಾರೆ. ಅಣ್ಣ ಅದಕ್ಕೆ ಓಗೊಡುತ್ತಾನೆ, ಚಹಾ ತರಿಸುತ್ತಾನೆ. ಮೈಮೇಲಿನ ಅಂಗಿಯಂತೆ ಆ ಹೆಸರನ್ನು ತೊಟ್ಟುಕೊಂಡು ತಿರುಗುವವನನ್ನು ಕಂಡರೆ ನನಗೆ ಸಿಟ್ಟು. ಸಿಟ್ಟು ಎಂದು ಬರೆದೆ. ಸರಿಯಾದ ಮಾತು ಹೊಟ್ಟೆಕಿಚ್ಚು.

ಗಲ್ಫಿಗೆ ಬಂದ ಮೇಲೆ ಕಿಚ್ಚಿಗೆ ಇನ್ನಷ್ಟು ಸೌದೆ ಬಿತ್ತು. ನಮ್ಮಲ್ಲಿ ಬಹಳ ಮಂದಿಗೆ ಮನೆತನದ ಹೆಸರು ಬರೆಯುವ ರೂಢಿ ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ ಬಿಟ್ಟರೆ ತಕರಾರು. ಹಾಗಾಗಿ ಮಕ್ಕಳಿಗೆ ಅಲ್ಲಿ ಅಪ್ಪನ ಹೆಸರು ಬೀಳುತ್ತದೆ. ಅಣ್ಣನ ಇಬ್ಬರು ಹೆಣ್ಣುಮಕ್ಕಳಿಗೂ ಬಿತ್ತು. ರಷ್ಯಾದಲ್ಲಿ ಮನೆತನದ ಹೆಸರಾಗಿದ್ದದ್ದು ಮಂಗಳೂರಿನಲ್ಲಿ ಕರೆಯುವ ಹೆಸರಾಗಿ, ದೋಹಾದಲ್ಲಿ ಮತ್ತೆ ಮನೆತನದ ಹೆಸರಾಯಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕಿನವರು ಅಣ್ಣನ ಮಕ್ಕಳನ್ನು ಪೂರ್ತಿ ಹೆಸರು ಹಿಡಿದು ಕರೆಯುವಾಗ ಸಭೆಯಲ್ಲಿ ಕೂತ ನಾನು ಚಪ್ಪಾಳೆ ತಟ್ಟಲು ಮರೆಯುತ್ತೇನೆ. ಅದೇ ವೇದಿಕೆಗೆ ನನ್ನ ಮಗ ಬರುವುದು ನನ್ನ ಗಂಡನ ಹೆಸರು ಹೊತ್ತು. ನನ್ನ ಗಂಡ ಒಳ್ಳೆಯವನು. ಆದರೆ ಅವನ ಹೆಸರಿನವನು ಯಾವ ನದಿಯನ್ನೂ ದಾಟಿಲ್ಲ.

ನಮ್ಮದು ಅಳಿಯಕಟ್ಟಿನ ಮನೆ. ವಂಶ, ಅಂದರೆ ನಾವು ‘ಬಳಿ’ ಎನ್ನುವುದು, ತಾಯಿಯಿಂದ ಬರುತ್ತದೆ. ಅಣ್ಣನದೂ ನನ್ನದೂ ಒಂದೇ ಬಳಿ. ನನ್ನ ಮಕ್ಕಳದೂ ಅದೇ. ಅಣ್ಣನ ಮಕ್ಕಳದು ಅತ್ತಿಗೆಯ ಬಳಿ. ಹಳೆಯ ಲೆಕ್ಕದಲ್ಲಿ ನನ್ನ ಮಕ್ಕಳೇ ಅವನ ವಾರಸುದಾರರು. ಪಾಸ್‌ಪೋರ್ಟ್ ಆಫೀಸಿಗೆ ಈ ಲೆಕ್ಕ ಗೊತ್ತಿಲ್ಲ. ಹೀಗೆಲ್ಲ ನಾನು ಮನಸ್ಸಿನಲ್ಲಿ ವಾದ ಹೂಡಿಕೊಳ್ಳುತ್ತಿದ್ದೆ. ನ್ಯಾಯವೂ ನನ್ನದು, ತೀರ್ಪೂ ನನ್ನದು.

ಕಳೆದ ವರ್ಷ ಅಣ್ಣನಿಗೆ ದವಡೆಹಲ್ಲು ನೋವು ಬಂತು. ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೇ ಬಂದ. ನಾನು ಅಲ್ಲಿ ಕೌಂಟರಿನಲ್ಲಿ ಅಪಾಯಿಂಟ್‌ಮೆಂಟ್ ನೋಡಿಕೊಳ್ಳುತ್ತೇನೆ. ಒಳಗೆ ಡಾಕ್ಟರಿಗೆ ಸಹಾಯಕ್ಕೆ ಇರುವವಳು ಕಿರ್ಗಿಸ್ತಾನದವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಕಂಪ್ಯೂಟರಿನಲ್ಲಿ ಹೆಸರು ನೋಡಿ ಅವಳು ಅಲ್ಲೇ ನಿಂತಳು. ಆಮೇಲೆ ಬಾಗಿಲಿಗೆ ಬಂದು ಕರೆದಳು. ಅಣ್ಣನ ಹೆಸರನ್ನು ಅದು ಹುಟ್ಟಿದ ಕಡೆಯ ಉಚ್ಚಾರದಲ್ಲಿ ಕೇಳಿದ್ದು ನನಗೆ ಅದೇ ಮೊದಲು. ನಾವು ಇಷ್ಟು ವರ್ಷ ಕರೆದದ್ದೆಲ್ಲ ತಪ್ಪು. ಅಣ್ಣ ಕೆನ್ನೆ ಹಿಡಿದುಕೊಂಡು ಎದ್ದ, ಏನೂ ಗೊತ್ತಾಗದವನಂತೆ.

ಚಿಕಿತ್ಸೆ ಮುಗಿದ ಮೇಲೆ ಅವಳು ಅಣ್ಣನ ಹಿಂದೆಯೇ ಕೌಂಟರಿಗೆ ಬಂದಳು. “ನಾನು ಹುಟ್ಟಿದ್ದು ನಿನ್ನ ಅಣ್ಣನಲ್ಲಿ” ಎಂದಳು.

ಅವಳು ನಕ್ಕು ವಿವರಿಸಿದಳು. ಆ ಸೇನಾಪತಿ ಹುಟ್ಟಿದ ಊರು ಮುಂದೆ ದೊಡ್ಡದಾಗಿ ಅವರ ರಾಜಧಾನಿಯಾಯಿತು. ಊರಿಗೆ ಅವನ ಹೆಸರೇ ಇಟ್ಟಿದ್ದರು. ಅವಳು ಶಾಲೆಗೆ ಹೋಗುವ ಹೊತ್ತಿಗೆ ಸೋವಿಯತ್ ದೇಶವೇ ಇಲ್ಲವಾಗಿ ಊರು ಹಳೆಯ ಹೆಸರಿಗೆ ಮರಳಿತ್ತು. ಜನನ ಪ್ರಮಾಣಪತ್ರದಲ್ಲಿ ಮಾತ್ರ ಅವಳು ಹುಟ್ಟಿದ್ದು ಈಗಿಲ್ಲದ ಊರಿನಲ್ಲಿ. “ವಿಮಾನದ ಲಗೇಜಿಗೆ ಅಂಟಿಸುವ ಚೀಟಿಯಲ್ಲಿ ಮಾತ್ರ ಮೊನ್ನೆ ಮೊನ್ನೆಯವರೆಗೂ ಅವನ ಹೆಸರಿನ ಮೂರು ಅಕ್ಷರ ಉಳಿದಿತ್ತು. ಈಗ ಅದನ್ನೂ ತೆಗೆದರಂತೆ” ಎಂದಳು.

“ಒಳ್ಳೆಯವನಾಗಿದ್ದನಾ ಅವನು?” ಎಂದು ಅಣ್ಣ ಕೇಳಿದ. ಅರ್ಧ ಬಾಯಿ ಮರಗಟ್ಟಿತ್ತು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನು ನನಗೆ ಕೇಳಿರಲಿಲ್ಲ.

“ನಮ್ಮಜ್ಜಿಯ ಪ್ರಕಾರ ಸೈನ್ಯ ತಂದು ನಮ್ಮವರನ್ನು ಅಡಗಿಸಿದವನು. ಅಮ್ಮನಿಗೆ ಬಸ್ಸಿನ ಬೋರ್ಡಿನ ಮೇಲಿನ ಹೆಸರು. ನನಗೆ ಹುಟ್ಟಿದ ಊರು” ಎಂದಳು. ಅಣ್ಣನ ಜತೆ ನಿಂತು ಫೋಟೋ ತೆಗೆಸಿಕೊಂಡು ಊರಿನ ತನ್ನ ಅಮ್ಮನಿಗೆ ಕಳಿಸಿದಳು. ಫೋಟೋ ತೆಗೆದವಳು ನಾನು.

ಅವನ ಬಗ್ಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಅವಳಿಗೆ ಹೇಳಬೇಕೆನಿಸಿತು. ಹೇಳಿದೆ ಕೂಡ. ಅವಳು ಸೌಜನ್ಯಕ್ಕೆ ಕೇಳಿದಳು. ಕಣ್ಣು ಮಾತ್ರ ಕೆನ್ನೆ ಊದಿದ ನನ್ನ ಅಣ್ಣನ ಮೇಲಿತ್ತು. ಓದಿದವಳಿಗಿಂತ ಹೆಸರು ಹೊತ್ತವನು ದೊಡ್ಡವನು.

ಆ ಚಳಿಗಾಲದಲ್ಲಿ ನಾನು ಎರಡನೆಯ ಸಲ ಬಸುರಿಯಾದೆ. ಒಂದು ಶುಕ್ರವಾರ ಅಣ್ಣ ನಮ್ಮನ್ನೆಲ್ಲ ಉತ್ತರದ ಕಡಲತೀರ ಅಲ್ ಶಮಾಲಿಗೆ ಕರೆದುಕೊಂಡು ಹೋದ. ಅವನಿಗೆ ಅಲ್ಲಿ ಗಾಳ ಹಾಕಿ ಕೂರುವ ಹುಚ್ಚು. ಮೀನು ಸಿಕ್ಕಿದ್ದನ್ನು ನಾನು ಕಂಡಿಲ್ಲ. ಉಳಿದವರು ಕಾರಿನ ಹತ್ತಿರ ಚಾಪೆ ಹಾಸಿ ಬುತ್ತಿ ಬಿಚ್ಚುತ್ತಿದ್ದಾಗ ನಾನು ಅವನ ಪಕ್ಕದ ಕಲ್ಲಿನ ಮೇಲೆ ಕೂತೆ.

“ಅಣ್ಣ, ಒಂದು ಕೇಳ್ತೇನೆ, ಬೈಬಾರದು.”

“ದುಡ್ಡು ಬಿಟ್ಟು ಎಂತ ಬೇಕಾದ್ರೂ ಕೇಳು.”

“ಈ ಮಗುವಿಗೆ ನಿನ್ನ ಹೆಸರು ಇಡ್ಲಿಕ್ಕೆ ನನಗೆ ಮನಸ್ಸುಂಟು.”

ಅವನು ಗಾಳದ ದಾರ ನೋಡುತ್ತಲೇ ಇದ್ದ. “ನಾನು ಇನ್ನೂ ಸತ್ತಿಲ್ಲ ಮಾರಾಯ್ತಿ” ಎಂದ.

ಅದು ತಮಾಷೆಯಲ್ಲ. ನಮ್ಮಲ್ಲಿ ಹಿರಿಯರ ಹೆಸರನ್ನು ಮಕ್ಕಳಿಗೆ ಇಡುತ್ತಾರೆ, ಆದರೆ ಅವರು ಹೋದ ಮೇಲೆ. ಉಸಿರಾಡುತ್ತಿರುವವನ ಹೆಸರನ್ನು ತೊಟ್ಟಿಲಿಗೆ ಹಾಕುವುದೆಂದರೆ ಅವನ ಜಾಗ ಖಾಲಿ ಮಾಡಿಸಿದಂತೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೇಳುವ ಹೊತ್ತಿನಲ್ಲಿ ನೆನಪಾಗಲಿಲ್ಲ ಎಂದು ಆಮೇಲೆ ಗಂಡನಿಗೆ ಹೇಳಿದೆ. ಅದು ನಿಜವೋ ಅಲ್ಲವೋ ಈಗ ನನಗೂ ಹೇಳಲಾಗದು.

“ಹುಡುಗಿಯಾದ್ರೆ?” ಎಂದ ಅಣ್ಣ ದಾರ ಎಳೆದು ನೋಡುತ್ತ.

“ಆದ್ರೂ ಸರಿ.”

“ಮೀಸೆ ಬರಬಹುದು, ನೋಡ್ಕೋ.” ನಕ್ಕ. ಆಮೇಲೆ ನಗು ನಿಲ್ಲಿಸಿ, “ಅಮ್ಮನ ಹತ್ರ ಇದನ್ನು ಎತ್ತಬೇಡ. ಖಲಾಸ್” ಎಂದ.

ನಾನು ಎತ್ತಿದೆ. ಹೆರಿಗೆಗೆಂದು ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಬಂದ ವಾರವೇ ನಮ್ಮ ಅಡುಗೆಮನೆಯ ಡಬ್ಬಗಳ ಜಾಗವೆಲ್ಲ ಬದಲಾಗಿತ್ತು. ಒಂದು ಮಧ್ಯಾಹ್ನ ಅಣ್ಣ ಊಟಕ್ಕೆ ಬಂದಿದ್ದ. ಅಮ್ಮ ನೀರುದೋಸೆ ಹೊಯ್ಯುತ್ತಿದ್ದಳು. ನಾನು ಯಾಕೆ ಅವತ್ತೇ ಬಾಯಿ ಬಿಟ್ಟೆನೆಂದರೆ, ಅಮ್ಮ ಗರಿಗರಿಯಾದ ಅಂಚಿನ ದೋಸೆಯನ್ನು ಅವನ ತಟ್ಟೆಗೆ ಹಾಕಿದಳು. ನಗಬೇಡಿ, ಆಗ ಬಸುರಿ ನಾನು.

ಅಮ್ಮ ಸೌಟು ಕೆಳಗಿಟ್ಟಳು. “ಇದ್ದೊಬ್ಬ ಮಗನ ಹೆಸರು ತೆಗೆದು ನಿನ್ನ ಮಗುವಿಗೆ ಇಡುವುದಾ? ಬಸುರಿ ಅಂತ ಬಿಟ್ಟಿದ್ದೇನೆ, ಇಲ್ಲದಿದ್ರೆ ಇದೇ ಸೌಟಿನಲ್ಲಿ ಕೊಡ್ತಿದ್ದೆ.”

“ಅವನಿಗೆ ಆ ಹೆಸರು ಬೇಡ ಅಮ್ಮ. ಕಾರ್ಡಿನಲ್ಲಿ ಕೂಡ ಹಾಕಿಸಿಲ್ಲ.”

“ಬೇಡ ಅಂತ ನಾನು ಯಾವಾಗ ಹೇಳಿದೆ?” ಎಂದ ಅಣ್ಣ.

“ಅಪ್ಪ ನಿನಗೆ ಕೊಟ್ಟದ್ದಕ್ಕೆ ನಿನಗೆ ಬೆಲೆ ಇಲ್ಲ” ಎಂದೆ. “ಜಗಲಿಯಲ್ಲಿ ಹೆಂಚು ಜೋಡಿಸಿ ಅಷ್ಟು ಕಥೆ ಹೇಳ್ತಿದ್ದ. ನಿನಗೆ ಒಂದಾದ್ರೂ ನೆನಪುಂಟಾ?”

“ಯಾರು ಹೇಳ್ತಿದ್ದದ್ದು?” ಎಂದಳು ಅಮ್ಮ.

“ಅಪ್ಪ.”

“ನಿನ್ನಪ್ಪನಾ?” ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಅವರಿಗೆ ಆ ಹೆಸರು ಬಾಯಲ್ಲಿ ಬರ್ತಿರಲಿಲ್ಲ. ‘ಮಗಾ’ ಅಂತಲೇ ಕರೆದದ್ದು ಸಾಯುವವರೆಗೆ. ಹೆಂಚು ಜೋಡಿಸ್ತಿದ್ದದ್ದು ನನ್ನಣ್ಣ. ನಿಮ್ಮ ಮಾವ. ಯೂನಿಯನ್ನು, ಕೆಂಪು ಬಾವುಟ ಎಲ್ಲ ಅವನದ್ದು. ಅವನು ಬಂದ ದಿನ ನಿಮ್ಮಪ್ಪ ಪಾಳಿ ಇದ್ರೂ ಇಲ್ಲದಿದ್ರೂ ಕಾರ್ಖಾನೆಗೆ ಹೋಗಿ ಕೂರ್ತಿದ್ರು.”

ನನಗೆ ಆಗ ಆದದ್ದನ್ನು ಹೇಗೆ ಬರೆಯಲಿ? ಜಗಲಿ ಇತ್ತು, ಹೆಂಚಿನ ಚೂರು ಇತ್ತು, ಸುಣ್ಣ ಇತ್ತು, ಅಮ್ಮನ ಕಾಲು ಇತ್ತು. ನಡುವೆ ಕೂತವನ ಮುಖ ಮಾತ್ರ ಬದಲಾಗಬೇಕಿತ್ತು. ಅದು ಬದಲಾಗಲು ಒಪ್ಪಲಿಲ್ಲ. ಇಂದೂ ಕಣ್ಣು ಮುಚ್ಚಿದರೆ ಅಲ್ಲಿ ಅಪ್ಪನೇ ಕೂತಿದ್ದಾನೆ. ಮಾವನ ಮುಖ ನನಗೆ ನೆನಪೇ ಇಲ್ಲ. ನಾನು ಚಿಕ್ಕವಳಿದ್ದಾಗಲೇ ಅವನು ತೀರಿಕೊಂಡ. ಇಲ್ಲದವನ ಕೆಲಸವನ್ನೆಲ್ಲ ನಾನು ಇದ್ದವನಿಗೆ ಕೊಟ್ಟಿರಬಹುದು.

“ಹೆಸರು ಇಟ್ಟದ್ದು?” ಎಂದು ಅಣ್ಣ ಕೇಳಿದ. ಅವನ ದೋಸೆ ಆರುತ್ತಿತ್ತು.

“ಅವನೇ. ಸೋದರಮಾವನಲ್ವಾ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ್ದು. ಹೇಳಿದ. ನಿಮ್ಮಪ್ಪನಿಗೆ ಸಿಟ್ಟು ಬಂತು, ಆದ್ರೆ ಮಾವನ ಹಕ್ಕು, ಏನು ಮಾಡ್ತಾರೆ? ಇವಳು ಹುಟ್ಟಿದಾಗ ಇವಳಿಗೂ ಒಂದು ರಷ್ಯಾದ ಹೆಸರು ತರ್ತೇನೆ ಅಂತ ಹೇಳಿದ್ದ. ಅವತ್ತು ಮುಷ್ಕರ, ಬರ್ಲಿಕ್ಕಾಗಲಿಲ್ಲ. ನಿಮ್ಮಪ್ಪ ಕಾಯಲೂ ಇಲ್ಲ. ತಾವೇ ಎತ್ತಿಕೊಂಡು ತಮ್ಮ ಅಮ್ಮನ ಹೆಸರನ್ನು ಕಿವಿಯಲ್ಲಿ ಹೇಳಿಬಿಟ್ರು. ಮಾವ ಹೇಳಬೇಕಾದ್ದನ್ನು ಅಪ್ಪ ಹೇಳಿದ್ದು ಅಂತ ಊರಿಡೀ ನಗಾಡಿತು.”

ದೋಸೆಯ ಕಾವಲಿ ಹೊಗೆಯಾಡುತ್ತಿತ್ತು. ಯಾರೂ ಎದ್ದು ಒಲೆ ಆರಿಸಲಿಲ್ಲ.

“ಹಾಗಾದ್ರೆ ಅಪ್ಪ ನನಗೆ ಎಂತ ಇಟ್ಟದ್ದು?” ಎಂದ ಅಣ್ಣ.

“ಎಂತಕ್ಕೆ ಇಡಬೇಕು? ‘ಮಗಾ’ ಅಂತಿದ್ರಲ್ಲ.”

ಅಣ್ಣ ಕೈ ತೊಳೆದುಕೊಂಡು ಕೆಲಸಕ್ಕೆ ಹೋದ. ಹೋಗುವಾಗ ಬಾಗಿಲಲ್ಲಿ ನಿಂತು ನನ್ನನ್ನು ನನ್ನ ಪೂರ್ತಿ ಹೆಸರು ಹಿಡಿದು, ಆ ನಾಲ್ಕು ಮನೆಯವರು ಓಗೊಡುವ ಹೆಸರು ಹಿಡಿದು, “ಬರ್ತೇನೆ” ಎಂದ. ಸಾಮಾನ್ಯವಾಗಿ ಅವನು ನನ್ನನ್ನು ಹಾಗೆ ಕರೆಯುವುದಿಲ್ಲ. ಆ ದನಿ ನನಗೆ ಪರಿಚಿತವಾದದ್ದು. ಅಷ್ಟು ವರ್ಷ ನಾನು ಅವನ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದದ್ದು ಅದೇ ದನಿಯಲ್ಲಿ.

ಈಗ ನನಗೆ ಸಮಾಧಾನವಾಗಬೇಕಿತ್ತು. ಅಪ್ಪ ಕೈಯಾರೆ ಎತ್ತಿ, ರೂಢಿ ಮುರಿದು, ಕಿವಿಯಲ್ಲಿ ಹೇಳಿದ ಹೆಸರು ನನ್ನದು. ಒಂದೆರಡು ದಿನ ಆಯಿತು ಕೂಡ. ಕನ್ನಡಿ ಮುಂದೆ ನನ್ನ ಹೆಸರನ್ನೇ ಹೇಳಿ ನೋಡಿದೆ. ಆಮೇಲೆ ಸಂಶಯ ಬಂತು. ಅಮ್ಮ ಜಗಳ ತಣಿಸಲು ಕಥೆ ಕಟ್ಟುವುದರಲ್ಲಿ ನಿಪುಣೆ. ನಾನು ನೆನಪಿನಲ್ಲಿ ತಪ್ಪುವವಳಾದರೆ ಅವಳು ಯಾಕೆ ತಪ್ಪಬಾರದು? ಮತ್ತು ಅವಳು ಹೇಳಿದ್ದು ನಿಜವೇ ಆದರೆ, ಮಾವನ ಬಾಯಲ್ಲಿ ನನಗಾಗಿ ಸಿದ್ಧವಾಗಿದ್ದ ಆ ಇನ್ನೊಂದು ಹೆಸರು ಯಾವುದು? ಅದನ್ನು ಕೇಳಿದೆ. ಅಮ್ಮನಿಗೆ ನೆನಪಿಲ್ಲ. ಹೀಗೆ ನನ್ನ ಹೊಟ್ಟೆಕಿಚ್ಚು ಅಣ್ಣನನ್ನು ಬಿಟ್ಟು, ನನಗೇ ಬರಬೇಕಾಗಿದ್ದು ಬಾರದೆ ಹೋದ, ಯಾರೂ ಹೊರದ ಹೆಸರಿನ ಕಡೆಗೂ ಸ್ವಲ್ಪ ತಿರುಗಿತು. ಪೂರ್ತಿಯಾಗಿ ಅಣ್ಣನನ್ನು ಬಿಡಲಿಲ್ಲ.

ಮಗಳು ಹುಟ್ಟಿದಳು. ಆಸ್ಪತ್ರೆಯಲ್ಲಿ ಹೆಸರು ಬೇಗ ಕೇಳಿದರು. ಗಂಡ ಮೊದಲೇ ಒಂದು ಹೆಸರು ಆರಿಸಿದ್ದ. ಎರಡೇ ಅಕ್ಷರದ್ದು, ಯಾವ ದೇಶದ ಕೌಂಟರಿನಲ್ಲೂ ಎರಡು ಸಲ ಹೇಳಬೇಕಾಗಿಲ್ಲದ್ದು. ಗಲ್ಫಿನಲ್ಲಿ ಹುಟ್ಟುವ ನಮ್ಮ ಮಕ್ಕಳ ಹೆಸರುಗಳೆಲ್ಲ ಈಗ ಹೀಗೇ, ಕ್ಯಾಬಿನ್ ಬ್ಯಾಗಿನಲ್ಲಿ ಹಿಡಿಯುವಷ್ಟು. ನಾನು ಒಪ್ಪಿದೆ. ವಾದ ಮಾಡುವ ಶಕ್ತಿ ಉಳಿದಿರಲಿಲ್ಲ.

ಅಮೆ, ಅಂದರೆ ಹೆರಿಗೆಯ ಸೂತಕ, ಕಳೆದು ಮಿಂದ ಮೇಲೆ ನಮ್ಮ ಹಾಲಿನಲ್ಲೇ ತೊಟ್ಟಿಲು ತೂಗುವ ಶಾಸ್ತ್ರ. ಸೂರಿಗೆ ಕೊಂಡಿ ಹಾಕಲು ಫ್ಲ್ಯಾಟಿನ ಮಾಲೀಕರ ಒಪ್ಪಿಗೆ ಇಲ್ಲ. ಮೇಲಿನ ಮಹಡಿಯ ಬ್ಯಾರಿ ಮನೆಯವರು ತಮ್ಮ ಮಕ್ಕಳೆಲ್ಲ ಮಲಗಿ ಬೆಳೆದ ಸ್ಟೀಲಿನ ತೊಟ್ಟಿಲು ಕೊಟ್ಟರು. ಅಮ್ಮ ಅದಕ್ಕೆ ತನ್ನ ಹಳೆಯ ಸೀರೆ ಹಾಸಿದಳು. ಅಣ್ಣ ವರ್ಕ್‌ಶಾಪಿನಿಂದ ನೇರ ಬಂದ. ಕೈಗೆ ಎಷ್ಟು ಸೋಪು ಹಾಕಿದರೂ ಗ್ರೀಸಿನ ವಾಸನೆ ಹೋಗುವುದಿಲ್ಲ.

“ಮಾವ ಬಂದ. ಯಲ್ಲಾ, ಹೆಸರು ಹೇಳು” ಎಂದು ಅರಬಿಗಳಂತೆ ಅವಸರಿಸಿದ ನನ್ನ ಗಂಡ.

ಅಣ್ಣ ಮಗುವನ್ನು ಎತ್ತಿಕೊಂಡು ಅದರ ಕಿವಿಗೆ ಬಾಯಿ ಹಚ್ಚಿದ. ಎರಡಕ್ಷರದ ಹೆಸರು ಹೇಳಲು ಎಷ್ಟು ಹೊತ್ತು ಬೇಕು? ಅವನು ಹೇಳುತ್ತಲೇ ಇದ್ದ. ಮಗು ಅಳುವುದನ್ನು ನಿಲ್ಲಿಸಿ, ಏನೋ ಕೇಳಿಸಿಕೊಳ್ಳುವಂತೆ ಕಣ್ಣು ಬಿಟ್ಟಿತು. ಆಮೇಲೆ ಅಣ್ಣ ತಲೆಯೆತ್ತಿ, ಗಂಡ ಆರಿಸಿದ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದ. ಅಮ್ಮ ತೊಟ್ಟಿಲು ತೂಗಿದಳು. ಎಲ್ಲರೂ ಪಾಯಸಕ್ಕೆ ಎದ್ದರು.

“ಅಷ್ಟು ಹೊತ್ತು ಎಂತ ಹೇಳಿದ್ದು?” ಎಂದು ನಾನು ಕೇಳಿದೆ, ಅಮ್ಮ ಅಡುಗೆಮನೆಗೆ ಹೋದ ಮೇಲೆ.

“ನೀನು ಹೇಳುವ ಕಥೆಯೇ. ನದಿ ದಾಟಿದ್ದು, ಆಪರೇಷನ್ನು, ನಿನ್ನ ಕ್ಲಿನಿಕ್ಕಿನವಳ ಊರು. ನೆನಪಿದ್ದಷ್ಟು ಹೇಳಿದೆ.”

“ಮತ್ತೆ?”

“ಮತ್ತೆ ಹೆಸರು. ಆ ಹುಡುಗಿ ಹೇಳಿದ ಹಾಗೆ ಹೇಳ್ಲಿಕ್ಕೆ ನೋಡಿದೆ, ಸರಿ ಬರಲಿಲ್ಲ.” ಅಡುಗೆಮನೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. “ಒಂದು ಸಲ ಮಾತ್ರ. ಕಿವಿಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬಂದ್ರೆ ಬಂತು. ನಾನು ಸತ್ತರೆ ನಿನ್ನನ್ನು ವಿಚಾರಿಸಿಕೊಳ್ತೇನೆ.”

ಉಸಿರಿರುವಾಗಲೇ ತನ್ನ ಹೆಸರನ್ನು ನನ್ನ ಮಗಳಿಗೆ ಕೊಟ್ಟುಬಿಟ್ಟಿದ್ದ, ಅಮ್ಮನ ಬೈಗುಳಕ್ಕೆ ಅಂಜುತ್ತಲೇ. ನನಗೆ ಬೇಕಾದ್ದು ಆಗಿತ್ತು. ಪಾಯಸ ಆರುತ್ತದೆ ಎಂದಷ್ಟೇ ಹೇಳಿದೆನೆಂದು ನೆನಪು. ಅವನನ್ನು ಕೇಳಿದರೆ ಬೇರೆ ಹೇಳಬಹುದು.

ಅವರೆಲ್ಲ ಹೋದ ಮೇಲೆ ತೊಟ್ಟಿಲ ಹತ್ತಿರ ಕೂತೆ. ಮಗಳು ಮಲಗಿದ್ದಳು. ಅವಳ ಎಡಗಿವಿಯ ಮೇಲೆ ಗ್ರೀಸಿನ ಒಂದು ಸಣ್ಣ ಕಪ್ಪು ಗೆರೆ ಇತ್ತು. ಒರೆಸಲು ಬಟ್ಟೆ ತಂದೆ, ಒರೆಸಲಿಲ್ಲ. ಅಷ್ಟು ವರ್ಷ ಶಾಲೆಯ ಮಾಸ್ತರರಿಂದ ಹಿಡಿದು ಎಲ್ಲರಿಗೂ ಆ ಹೆಸರಿನ ಕಥೆ ಹೇಳಿದವಳು ನಾನು. ಆ ಹೆಸರಿನವನೇ ಎತ್ತಿಕೊಂಡು, ಬೇರೆ ಯಾರಿಗೂ ಕೇಳದಂತೆ, ಕಥೆಯನ್ನೂ ಹೆಸರನ್ನೂ ಒಟ್ಟಿಗೆ ಹೇಳಿದ್ದು ಅವಳಿಗೆ. ಅವಳು ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ. ತೊಟ್ಟಿಲಲ್ಲಿದ್ದ ಅಣ್ಣನಂತೆಯೇ.

ಹಳೆಯ ಕಿಚ್ಚು ಈಗ ತೊಟ್ಟಿಲ ಕಡೆಗೂ ಸ್ವಲ್ಪ ತಿರುಗಿತು. ಮಗಳು ನಿದ್ದೆಯಲ್ಲಿ ಬಾಯಿ ಚಪ್ಪರಿಸಿದಳು. ಹಾಲಿನ ಹೊತ್ತಾಗಿತ್ತು, ಎತ್ತಿಕೊಂಡೆ.